ಬೀಜದ ಕಸುವು

ನಿವೃತ್ತನಾದ ವರುಷ ನಮ್ಮೂರ ಶಾಲೆಗೆ ಬೇವಿನ ಸಸಿ ಕೊಡುವೆನೆಂದು ಮಾತಿತ್ತೆ. 100 ಬೀಜ ಬಿತ್ತಿದೆ; ಮೊಳೆತವು ಆರು. ಮಣ್ಣನ್ನು ಹಳಿದೆನಾದರೂ ತಪ್ಪು ನನ್ನದೇ. ಆಷಾಢದಲ್ಲಿ ಆಯ್ದುದನ್ನು ದೀಪಾವಳಿಯವರೆಗೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಹಾಗಿಟ್ಟ ಬೇವಿನ ಬೀಜದ ಆಯುಸ್ಸು ಕೆಲವೇ ವಾರಗಳದು.

ಬೀಜಕ್ಕೆ ಜೀವವಿರುವುದು ಒಂದು ಮಾತು; ಕಸುವಿರುವುದು ಮತ್ತೊಂದು. ಪ್ರಯೋಗಶಾಲೆಯ ಹದವಾದ ತೇವ, ಶಾಖಗಳಲ್ಲಿ ಮುದಿ ಬೀಜವೂ ಮೊಳೆತೀತು. ನೆಲದಲ್ಲಿ ಬಿಗಿದ ಮಣ್ಣು, ಬೂಷ್ಟು, ಬಿಸಿಲು ಎದುರಾಗುತ್ತವೆ. ಆದುದರಿಂದಲೇ ನೂರಕ್ಕೆ 80 ಎಂಬ ಚೀಟಿಯ ಅಂಕಿ ಸಸಿಮಡಿಯಲ್ಲಿ ಹುಸಿಯಾಗುವುದುಂಟು.

ಪರೀಕ್ಷೆಗಳು ಹಲವು. ಸೀಳಿದ ಬೀಜವನ್ನು ಟೆಟ್ರಜೋಲಿಯಂ ಎಂಬ ಬಣ್ಣವಿಲ್ಲದ ದ್ರಾವಣದಲ್ಲಿ ನೆನೆಸಿದರೆ ಉಸಿರಾಡುವ ಭಾಗ ಕೆಂಪಾಗುತ್ತದೆ. ಸತ್ತದ್ದು ಬಣ್ಣ ಹಿಡಿಯದು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತುಂಬು ತೇವದ ಗಾಳಿಯಲ್ಲಿ ಕೆಲವು ದಿನವಿಟ್ಟು ಬಳಿಕ ಮೊಳೆಯಿಸುವುದು ಇನ್ನೊಂದು. ಈ ಅಗ್ನಿಪರೀಕ್ಷೆಯಲ್ಲಿ ಗೆದ್ದುದು ನೆಲದಲ್ಲಿಯೂ ಗೆದ್ದೀತು. ನಮ್ಮಂಥವರಿಗೆ ಸುಲಭವಾದುದು, ಒದ್ದೆ ಮರಳಿನಲ್ಲಿ ಬೀಜವಿಟ್ಟು ಪ್ರತಿದಿನ ಮೊಳಕೆ ಎಣಿಸುವುದು. ಕೊನೆಯ ಲೆಕ್ಕ ಒಂದೇ ಆದರೂ ಬೇಗನೆ, ಒಟ್ಟಿಗೆ ಎದ್ದ ಬೀಜಗಳೇ ಬಲವಾದುವು. ನೆಲದಲ್ಲಿ ನೂರಕ್ಕೆ 40 ಏಳುವುದಾದರೆ, 100 ಸಸಿಗೆ 250 ಬೀಜ ಬೇಕು.

ಮರುವರುಷ ಹಣ್ಣುದುರಿದ ವಾರದಲ್ಲಿಯೇ, ಮೊದಲು ಎಣಿಸಿ ಆಮೇಲೆ ಬಿತ್ತಿದೆ. ಕೊಟ್ಟ ಮಾತು ಉಳಿಯಿತು.