ಅರೆನಿದ್ದೆ, ಅರ್ಧ ಹಲ್ಲು

ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ, ಶಾಲೆಯ ವೇಳೆ ಬದಲಿಸಿ ಎಂದು ಮಹಾರಾಷ್ಟ್ರದ ಆಗಿನ ರಾಜ್ಯಪಾಲ ರಮೇಶ್ ಬೈಸ್ ಹೇಳಿದ್ದು 2023ರ ಡಿಸೆಂಬರಿನಲ್ಲಿ. 2024ರ ಫೆಬ್ರವರಿಯಲ್ಲಿ ಆದೇಶ ಬಂದೇ ಬಂತು: 4ನೇ ತರಗತಿಯವರೆಗಿನ ಪಾಠ ಬೆಳಿಗ್ಗೆ 9ಕ್ಕೆ ಮುಂಚೆ ಶುರುವಾಗಬಾರದು. ಎರಡು ಪಾಳಿಯ ಶಾಲೆಗಳೂ ಬಸ್ಸಿನವರೂ ಗೊಣಗಿದರು. ಇತ್ತ ಮುಂಬೈ ಹೊರವಲಯದ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಮಗು ಮಲಗುವ ಹೊತ್ತನ್ನು ಗೊತ್ತುಮಾಡುವುದು ಸೆಂಟ್ರಲ್ ರೈಲ್ವೆ. ದುಡಿಯಲು ಹೋದವರು ಲೋಕಲ್ ರೈಲು ಇಳಿದು ಮನೆ ಸೇರಿ, ಊಟ ಮುಗಿದು, ದೀಪ ಆರಿಸುವಾಗ ರಾತ್ರಿ 11 ಆದರೂ ಯಾರಿಗೂ ಆಶ್ಚರ್ಯವಿಲ್ಲ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲೇ ಹೇಳಿದೆ. ಬೆಳಗಿನ ಪಾಳಿಗೆ 6ಕ್ಕೆ ಏಳುವ 5ನೇ ತರಗತಿಯವನಿಗೆ ದಕ್ಕುವುದು ಏಳೇ ಗಂಟೆ. ಆದೇಶದಲ್ಲಿ ಅವನ ಹೆಸರೂ ಇಲ್ಲ.

ಈ ನಿದ್ದೆಗೇಡಿಗೆ ಹಲ್ಲಿನ ನಂಟೂ ಇದ್ದೀತು. ಮಕ್ಕಳ ಬಾಚಿಹಲ್ಲು ಮುರಿಯುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ, 8ರಿಂದ 12ರೊಳಗೆ. ಹುಡುಗರದು ಹೆಚ್ಚು. 2018ರಲ್ಲಿ ಪ್ರಕಟವಾದ ಒಂದು ಸಮಗ್ರ ಲೆಕ್ಕದ ಪ್ರಕಾರ ಜಗತ್ತಿನ 12 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಂದಿ ಹಲ್ಲಿಗೆ ಪೆಟ್ಟು ಮಾಡಿಕೊಂಡವರು. ಹಾಗಾದರೆ ನಿದ್ದೆಗೆಟ್ಟ ಮಗುವಿಗೆ, ಇಲ್ಲವೇ ಆತಂಕದಲ್ಲಿರುವ ಮಗುವಿಗೆ, ಹಲ್ಲು ಮುರಿಯುವ ಅಪಾಯ ಹೆಚ್ಚೇ?

ಇರಬಹುದು. ಲಾಸ್ ಏಂಜಲೀಸ್‌ನ ಶಾಲೆಯೊಂದರ 112 ಆಟಗಾರ ಮಕ್ಕಳನ್ನು ಗಮನಿಸಿದ 2014ರ ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಂಭವ 1.7 ಪಟ್ಟು ಇತ್ತು. ಅದು ಬರೀ ಹಲ್ಲಿನ ಲೆಕ್ಕವಲ್ಲ, ಮೈಯೆಲ್ಲದರದು. ನಿದ್ದೆ ಕಡಿಮೆಯಾದಾಗ ಗಮನ ಕ್ಷಣಕಾಲ ಕೈಕೊಡುತ್ತದೆ. ಸೊಸೈಟಿಯ ಅಂಗಳದ ಪೇವರ್ ಬ್ಲಾಕ್ ಮೇಲೆ ಓಡುವವನಿಗೆ ಆ ಒಂದು ಕ್ಷಣ ಸಾಕು.

ಆದರೆ "ನಿದ್ದೆ ಬಿಟ್ಟರೆ ಹಲ್ಲು ಹೋಯಿತು" ಎಂಬ ತಲೆಬರಹ ಕಂಡರೆ ತುಸು ತಡೆಯಬೇಕು. ಮೂಗಿನ ಹಿಂದೆ ಅಡೆನಾಯ್ಡ್ ಊದಿಕೊಂಡ ಮಗು ಬಾಯಲ್ಲಿ ಉಸಿರಾಡುತ್ತದೆ, ಗೊರಕೆ ಹೊಡೆಯುತ್ತದೆ, ಅದರ ನಿದ್ದೆ ಕೆಡುತ್ತದೆ. ಅದೇ ಮಗುವಿನ ಅಂಗುಳ ಕಿರಿದಾಗಿ ಮೇಲಿನ ಹಲ್ಲು ಮುಂದೆ ಬರಲೂಬಹುದು. ಉಬ್ಬು ಹಲ್ಲು ಕೆಳಹಲ್ಲಿಗಿಂತ 3 ಮಿಲಿಮೀಟರ್‌ಗೂ ಹೆಚ್ಚು ಮುಂದಿದ್ದರೆ ಪೆಟ್ಟಿನ ಅಪಾಯ ಹೆಚ್ಚುಕಡಿಮೆ ಇಮ್ಮಡಿ ಎಂಬುದು ಗಟ್ಟಿಯಾದ ತಿಳಿವಳಿಕೆ. ಅಂದಮೇಲೆ ತಪ್ಪು ನಿದ್ದೆಯದೋ, ಉಸಿರಿನದೋ? ಆತಂಕದ ಕಥೆ ಇನ್ನೂ ತೊಡಕು. ಅಂಜಿದ ಹುಡುಗಿ ಎಡವಿ ಹಲ್ಲು ಮುರಿದುಕೊಂಡಳೋ, ಮುರಿದ ಹಲ್ಲಿಗೆ ತರಗತಿಯವರು ನಕ್ಕದ್ದರಿಂದ ಅಂಜಿದಳೋ, ಒಂದೇ ದಿನ ಪ್ರಶ್ನೆಪತ್ರಿಕೆ ಹಂಚಿ ಮಾಡುವ ಸಮೀಕ್ಷೆ ಹೇಳಲಾರದು.

ಹಲ್ಲು ಬಿದ್ದಮೇಲಿನ ಅರ್ಧ ಗಂಟೆಯ ಬಗ್ಗೆ ಮಾತ್ರ ವಿಜ್ಞಾನಕ್ಕೆ ಅನುಮಾನವಿಲ್ಲ. ಇದರ ಶ್ರೇಯಸ್ಸು ಕೋಪನ್‌ಹೇಗನ್ನಿನ ದಂತತಜ್ಞ ಯೆನ್ಸ್ ಆಂಡ್ರಿಯಾಸೆನ್ ಅವರಿಗೆ ಸಲ್ಲಬೇಕು. ಕಿತ್ತುಬಂದು ಮತ್ತೆ ಕೂರಿಸಿದ 110 ಹಲ್ಲುಗಳ ಗತಿಯನ್ನು ಅವರೂ ಸಹೋದ್ಯೋಗಿಯೊಬ್ಬರೂ 1966ರಲ್ಲಿ ವರದಿ ಮಾಡಿದರು. ಅರ್ಧ ಗಂಟೆಯೊಳಗೆ ಗೂಡು ಸೇರಿದವುಗಳಲ್ಲಿ ಶೇ. 90ರಷ್ಟರ ಬೇರು ಕರಗಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಶೇ. 95 ಕರಗತೊಡಗಿದ್ದವು.

ಕರಾವಳಿಯಿಂದ ಡೊಂಬಿವಲಿಗೆ ಬಂದು ನೆಲೆಸಿದ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ: ಇದು ನೇಜಿ, ಅಂದರೆ ಭತ್ತದ ಸಸಿ, ನೆಡುವಂಥ ಕೆಲಸ. ಕಿತ್ತ ನೇಜಿಯ ಬೇರನ್ನು ಯಾರೂ ಬಿಸಿಲಿಗೆ ಹಾಕುವುದಿಲ್ಲ, ತಿಕ್ಕಿ ತೊಳೆಯುವುದೂ ಇಲ್ಲ. ನಾಳೆ ನೋಡೋಣವೆಂದು ಬಿಟ್ಟರೆ ಹಿಡಿಯುವುದಿಲ್ಲ. ಹಲ್ಲಿನ ಬೇರಿಗೂ ದವಡೆಗೂ ನಡುವೆ ಒಂದು ತೆಳು ನಾರಿನ ಪದರವಿದೆ. ಹಲ್ಲು ಬಿದ್ದಾಗ ಆ ಪದರದ ಜೀವಕೋಶಗಳು ಬೇರಿಗೆ ಅಂಟಿಕೊಂಡೇ ಬರುತ್ತವೆ. ಅವು ಬದುಕಿದ್ದರೆ ಹಲ್ಲು ಮತ್ತೆ ಹಿಡಿಯುತ್ತದೆ. ಒಂದು ಗಂಟೆ ಒಣಗಿದರೆ ಸತ್ತಂತೆಯೇ. ಆದ್ದರಿಂದ ಬೇರು ಮುಟ್ಟದೆ, ಹೊಳೆಯುವ ತಲೆ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲಿ ಮೆಲ್ಲಗೆ ಜಾಲಿಸಿ, ಗೂಡಿಗೇ ಒತ್ತಿ, ಕರವಸ್ತ್ರ ಕಚ್ಚಿಸಿ ದಂತವೈದ್ಯರ ಬಳಿ ಓಡಬೇಕು. ಧೈರ್ಯವಾಗದಿದ್ದರೆ ತಣ್ಣನೆಯ ಪ್ಯಾಕೆಟ್ ಹಾಲಿನಲ್ಲಿ ಮುಳುಗಿಸಿ ಒಯ್ಯಬಹುದು. ನಲ್ಲಿ ನೀರಿನಲ್ಲಿಟ್ಟರೆ ಆ ಜೀವಕೋಶಗಳು ನೀರು ಕುಡಿದು ಒಡೆಯುತ್ತವೆ. ಹಾಲಿನ ಸಾಂದ್ರತೆ ಅವಕ್ಕೆ ಒಗ್ಗುತ್ತದೆ.

ಎಳನೀರು ಆದೀತೇ? ಚೆನ್ನೈನ ಸಂಶೋಧಕರು 2008ರಲ್ಲಿ ಅದು ಹಾಲಿಗಿಂತ ಮೇಲೆಂದರು. ಆಮ್ಲೀಯತೆ ಹೆಚ್ಚು, ಹಾಲೇ ವಾಸಿ ಎಂದು ಬ್ರೆಜಿಲ್‌ನವರು ತಕರಾರು ತೆಗೆದರು. ಹಲ್ಲಿನ ಪೆಟ್ಟಿನ ಚಿಕಿತ್ಸೆಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ 2020ರಲ್ಲೂ ಹಾಲಿಗೇ ಮೊದಲ ಮಣೆ ಹಾಕಿದೆ. ಬಿದ್ದದ್ದು ಹಾಲುಹಲ್ಲಾದರೆ ಈ ಯಾವ ಓಡಾಟವೂ ಬೇಡ. ಅದನ್ನು ಮತ್ತೆ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾದೀತು. ಚೂರು ಮಾತ್ರ ಮುರಿದಿದ್ದರೆ ಅದನ್ನೂ ಹುಡುಕಿ ಒಯ್ಯಬೇಕು, ಎಷ್ಟೋ ಸಲ ಅದೇ ಚೂರನ್ನು ಅಂಟಿಸಲು ಬರುತ್ತದೆ. ಬೇರುಸಹಿತ ಬಿದ್ದು ಮತ್ತೆ ಕೂರಿಸಿದ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಸಾಮಾನ್ಯವಾಗಿ ಎರಡು ವಾರ ಬಿಗಿದಿಡುತ್ತಾರೆ.