ಆಧಾರ್ ಜೆರಾಕ್ಸ್ ಕೊಡೋ ಮುಂಚೆ

ಹನಿ ನೀರಾವರಿ ಸಬ್ಸಿಡಿಗೆ ಒಂದು ಸೆಟ್, ಬೆಳೆ ಸಾಲಕ್ಕೆ ಇನ್ನೊಂದು, ಸಿಮ್‌ಗೆ ಮತ್ತೊಂದು. ನಮ್ಮ ದಿಬ್ಬೂರಹಳ್ಳಿ ಕಡೆ ರೈತರ ಬ್ಯಾಗಲ್ಲಿ ಬೇರೇನಿಲ್ಲದಿದ್ರೂ ಆಧಾರ್, ಪಹಣಿ ಜೆರಾಕ್ಸ್ ಇದ್ದೇ ಇರುತ್ತೆ. ಕೇಳಿದವರಿಗೆಲ್ಲ ಕೊಡ್ತೀವಿ. ಆಮೇಲೆ ಆ ಹಾಳೆ ಎಲ್ಲಿ ಹೋಯ್ತು ಅಂತ ಯಾರೂ ವಿಚಾರಿಸಲ್ಲ.

2023ರಲ್ಲಿ ಬೆಂಗಳೂರಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹಣ ಹೋಯ್ತು. ಕಾವೇರಿ ಪೋರ್ಟಲ್‌ನಿಂದ ಪಡೆದ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಬೆರಳಚ್ಚಿನ ಮೇಲೆ ಹಣ ಕೊಡುವ ಎಇಪಿಎಸ್‌ನಲ್ಲಿ ವಂಚಕರು ಡ್ರಾ ಮಾಡಿದ್ರು. ಅಲ್ಲಿ ಒಟಿಪಿ ಬೇಕಿಲ್ಲ. ಪಾಸ್‌ವರ್ಡ್ ಆದ್ರೆ ಬದಲಾಯಿಸಬಹುದು, ಹೆಬ್ಬೆಟ್ಟನ್ನ ಬದಲಾಯಿಸೋಕಾಗುತ್ತಾ?

ಫ್ರೂಟ್ಸ್‌ನ ಎಫ್‌ಐಡಿ ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಜೆರಾಕ್ಸ್ ಕಾಟ ಕಡಿಮೆಯಾಗಿದೆ, ಅದು ನಿಜಕ್ಕೂ ಉಪಕಾರ. ಆದ್ರೆ ಜಮೀನು, ಬ್ಯಾಂಕು, ಆಧಾರ್ ವಿವರವೆಲ್ಲ ಒಂದೇ ಕಣಜದಲ್ಲಿದೆ. ಕಣಜಕ್ಕೆ ಇಲಿ ಬಿದ್ರೆ ಎಲ್ಲರ ಕಾಳೂ ಹೋಗುತ್ತೆ.

ವಿಕೇಂದ್ರೀಕೃತ ಗುರುತು ಅನ್ನೋದು ಇದಕ್ಕೆ ಬೇರೆ ದಾರಿ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ 2022ರಲ್ಲಿ ಇದರ ನಿಯಮ ಅಂಗೀಕರಿಸಿತು. ಇಲಾಖೆ ತನ್ನ ಡಿಜಿಟಲ್ ಸಹಿ ಹಾಕಿದ ಪತ್ರವನ್ನ ನಿಮಗೆ ಕೊಡುತ್ತೆ, ಅದು ನಿಮ್ಮ ಮೊಬೈಲಲ್ಲೇ ಇರುತ್ತೆ. ಬ್ಯಾಂಕಿನವರು ಸಹಿ ಸರಿಯಿದೆಯಾ ಅಂತ ತಾವೇ ಪರೀಕ್ಷಿಸ್ತಾರೆ, ಇಲಾಖೆಯನ್ನ ಕೇಳಬೇಕಿಲ್ಲ. ಇನ್ನೂ ಒಳ್ಳೇದೇನಂದ್ರೆ, ಸಣ್ಣ ರೈತ ಅಂತ ತೋರಿಸಬೇಕಿದ್ರೆ 'ಜಮೀನು 5 ಎಕರೆ ಒಳಗಿದೆ' ಅನ್ನೋದಷ್ಟನ್ನೇ ತೋರಿಸೋ ಹಾಗೂ ಮಾಡಬಹುದು. ಸರ್ವೆ ನಂಬರು, ಹುಟ್ಟಿದ ದಿನಾಂಕ ಎಲ್ಲ ನಿಮ್ಮ ಹತ್ರಾನೇ ಇರುತ್ತೆ.

ಆದ್ರೆ ಸಹಿ ಹೇಳೋದು ಪತ್ರ ಕೊಟ್ಟಿದ್ದು ಯಾರು, ಮಧ್ಯೆ ಯಾರಾದ್ರೂ ತಿದ್ದಿದ್ದಾರಾ ಅಂತ ಮಾತ್ರ. ಒಳಗಿರೋ ಮಾತು ನಿಜವಾ ಅಂತ ಅದಕ್ಕೆ ಗೊತ್ತಿಲ್ಲ. ಸಾವಯವದವರಿಗೆ ಇದು ಬೇಗ ಅರ್ಥ ಆಗುತ್ತೆ. ಪಿಜಿಎಸ್‌ನಲ್ಲಿ ಕನಿಷ್ಠ 5 ಜನ ರೈತರ ಗುಂಪು ಒಬ್ಬರ ಹೊಲ ಇನ್ನೊಬ್ಬರು ನೋಡಿ ದೃಢೀಕರಿಸ್ತೀವಿ. ರಾತ್ರಿ ಯೂರಿಯಾ ಎರಚಿದ್ರೆ ಪಕ್ಕದ ಹೊಲದವನಿಗೆ ಗೊತ್ತಾಗುತ್ತೆ, ಕ್ಯೂಆರ್ ಕೋಡ್‌ಗೆ ಗೊತ್ತಾಗಲ್ಲ.

ಇಂಥ ಪತ್ರಗಳು ನಮ್ಮ ಕೈಗೆ ಬರೋ ತನಕ ಎರಡು ಕೆಲಸ ಮಾಡಿ. ಯುಐಡಿಎಐ ಜಾಲತಾಣದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಸಿಗುತ್ತೆ, ಸಾಧ್ಯವಾದ ಕಡೆ ಅದನ್ನೇ ಕೊಡಿ. ಅಲ್ಲೇ ಬಯೋಮೆಟ್ರಿಕ್ ಲಾಕ್ ಮಾಡಿ, ಮೊಬೈಲ್ ನಂಬರ್ ಮಾತ್ರ ಆಧಾರ್‌ಗೆ ಜೋಡಣೆ ಆಗಿರಬೇಕು. ನ್ಯಾಯಬೆಲೆ ಅಂಗಡೀಲಿ ಬೆರಳು ಇಡೋ ದಿನ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಕ್ಯೂನಲ್ಲಿ ನಿಂತು ಬರಿಗೈಲಿ ವಾಪಸ್ ಬರ್ತೀರಿ. ಹಣ ಆಗಲೇ ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ಕೊಡಿ.