ಕಲ್ಲೋ, ಡಬ್ಬವೋ?

ಅರಿಝೋನಾದ ಟೂಸಾನ್ ನಗರ ಬಿಟ್ಟು ಬೆಟ್ಟದ ರಸ್ತೆ ಹಿಡಿದರೆ ಮೊದಲು ಇಕ್ಕೆಲದಲ್ಲೂ ಕೈಯೆತ್ತಿ ನಿಂತ ಸಾಗ್ವಾರೊ ಕಳ್ಳಿಗಳು. ಏರುತ್ತಾ ಹೋದಂತೆ ಕಳ್ಳಿ ತೆಳುವಾಗಿ ಓಕ್ ಮರಗಳು, ಅವನ್ನೂ ದಾಟಿದರೆ ಪೈನ್. ಮೌಂಟ್ ಲೆಮ್ಮನ್ ನೆತ್ತಿಯಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಮರಳುಗಾಡಿನ ಮಗ್ಗುಲಲ್ಲೇ ಜನ ಸ್ಕೀ ಆಡುತ್ತಾರೆ. ಸುಮಾರು 2,790 ಮೀಟರ್ ಎತ್ತರದ ಈ ತುದಿಯಲ್ಲಿ ಒಂದು ಕಾಲಕ್ಕೆ ಅಮೆರಿಕದ ವಾಯುಪಡೆಯ ರಾಡಾರ್ ಠಾಣೆಯಿತ್ತು. ಆಗ ಕಾದದ್ದು ಶತ್ರು ವಿಮಾನಗಳಿಗೆ, ಈಗ ಕಾಯುವುದು ಕಲ್ಲುಗಳಿಗೆ.

ಗುಮ್ಮಟದ ಕತ್ತಲಲ್ಲಿ ಒಂದೂವರೆ ಮೀಟರ್ ಕನ್ನಡಿಯ ದೂರದರ್ಶಕ ಮೆಲ್ಲಗೆ ಹೊರಳುತ್ತದೆ. ಅದಕ್ಕೆ ಕಣ್ಣು ಹಚ್ಚಿ ಕೂರುವವರು ಯಾರೂ ಇಲ್ಲ. ವೀಕ್ಷಕರದ್ದೇನಿದ್ದರೂ ಕಂಪ್ಯೂಟರ್ ಪರದೆಯ ಮುಂದಿನ ಜಾಗರಣೆ. ಆಕಾಶದ ಒಂದೇ ತುಣುಕನ್ನು ಕೆಲವು ನಿಮಿಷ ಬಿಟ್ಟು ಬಿಟ್ಟು ನಾಲ್ಕು ಸಲ ಸೆರೆಹಿಡಿದು, ಒಂದರ ಹಿಂದೊಂದು ಮಿನುಗಿಸಿ ನೋಡುತ್ತಾರೆ. ನಕ್ಷತ್ರಗಳು ಕದಲುವುದಿಲ್ಲ, ಕದಲಿದ ಚುಕ್ಕೆ ಬೇರೇನೋ. 2020ರ ಫೆಬ್ರುವರಿ 15ರ ರಾತ್ರಿ ಕಾಟ್ಸ್ಪರ್ ವೆಷ್ಹೋಶ್ ಮತ್ತು ಥಿಯೊಡೋರ್ ಪ್ರೈನ್ ಅವರಿಗೆ ಸಿಕ್ಕಿದ್ದು ಅಂಥದೊಂದು ಚುಕ್ಕೆ. ಲೆಕ್ಕ ಹಾಕಿದರೆ ಅದು ಸುತ್ತುತ್ತಿದ್ದದ್ದು ಸೂರ್ಯನನ್ನಲ್ಲ, ಭೂಮಿಯನ್ನು!

ಅದಕ್ಕೆ 2020 ಸಿಡಿ3 ಎಂದು ಹೆಸರಾಯಿತು. ಗಾತ್ರ ಒಂದು ಮೀಟರಿಗಿಂತ ತುಸು ಹೆಚ್ಚು. ಎರಡೂವರೆ ವರ್ಷಕ್ಕೂ ಮೇಲೆ ಅದು ನಮ್ಮ ಸುತ್ತಲೇ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೂರು ವಾರಕ್ಕೆ, ಮಾರ್ಚ್ 7ರಂದು, ಹೊರಟೇಹೋಯಿತು.

ಭೂಮಿಯ ಸೆಳೆತಕ್ಕೂ ಒಂದು ಸೀಮೆಯುಂಟು, ಹೆಚ್ಚುಕಡಿಮೆ 15 ಲಕ್ಷ ಕಿಲೋಮೀಟರ್. ಅದರಾಚೆ ಸೂರ್ಯನ ಮಾತೇ ನಡೆಯುವುದು. ಸೂರ್ಯನ ಕಡೆಗೊಂದು, ಅದರ ಎದುರು ದಿಕ್ಕಿಗೊಂದು, ಹೀಗೆ ಆ ಸೀಮೆಗೆ ಎರಡು ಸಡಿಲ ಬಾಗಿಲು. ಬೆಂಗಳೂರಿನ ಪೀಣ್ಯದಿಂದ ಇಸ್ರೊ ನಡೆಸುತ್ತಿರುವ ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ ಸುತ್ತುತ್ತಿರುವುದು ಮೊದಲ ಬಾಗಿಲಿನ ಬಳಿಯೇ. ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುವ ಕಲ್ಲೊಂದು ತೀರಾ ನಿಧಾನವಾಗಿ ಬಂದರೆ ಇಂಥ ಬಾಗಿಲಲ್ಲಿ ಒಳಗೆ ಜಾರುತ್ತದೆ. ಆಮೇಲೆ ಅದರ ದಾರಿ ಮಗು ಸ್ಲೇಟಿನ ಮೇಲೆ ಗೀಚಿದ ಗೆರೆಯಂತೆ. ಒಂದು ಸುತ್ತಿನ ಹಾಗೆ ಇನ್ನೊಂದಿಲ್ಲ. 2012ರಲ್ಲಿ ಖಗೋಳವಿಜ್ಞಾನಿ ಮಿಕಾಯೆಲ್ ಗ್ರಾನ್ವಿಕ್ ಮತ್ತು ಸಂಗಡಿಗರು ಒಂದು ಕೋಟಿ ಕಲ್ಪಿತ ಕ್ಷುದ್ರಗ್ರಹಗಳನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡಿದರು. ಸಿಕ್ಕಿಬಿದ್ದವು ಸುಮಾರು 18 ಸಾವಿರ. ಸರಾಸರಿ ಒಂಬತ್ತು ತಿಂಗಳ ವಾಸ, ಸುಮಾರು ಮೂರು ಸುತ್ತು. ಅವರ ಲೆಕ್ಕದಂತೆ ಒಂದು ಮೀಟರ್ ಗಾತ್ರದ ಒಂದಾದರೂ ಕಲ್ಲು ಯಾವ ಹೊತ್ತಿನಲ್ಲೂ ನಮ್ಮ ಸುತ್ತ ಇರಲೇಬೇಕು.

ಆದರೆ ಇಂಥದ್ದು ಕಂಡೊಡನೆ ಕುಣಿಯುವಂತಿಲ್ಲ. ಮೊದಲು ಬಗೆಹರಿಯಬೇಕಾದದ್ದು, ಇದು ಕಲ್ಲೋ, ನಾವೇ ಎಸೆದ ಡಬ್ಬವೋ ಎಂಬುದು. ಪರೀಕ್ಷೆ ಸೊಗಸಾಗಿದೆ. ಬಿಸಿಲಿಗೂ ಇಷ್ಟಿಷ್ಟೇ ನೂಕುವ ಬಲವುಂಟು. ಟೊಳ್ಳು ಡಬ್ಬವಾದರೆ ಆ ನೂಕಿಗೆ ದಾರಿ ತಪ್ಪುತ್ತದೆ, ಗಟ್ಟಿ ಕಲ್ಲು ಅಷ್ಟಾಗಿ ಜಗ್ಗುವುದಿಲ್ಲ. ಸಿಡಿ3 ಜಗ್ಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಕ್ಕೆ ಸಿಕ್ಕ 2020 ಎಸ್‌ಒ ಮಾತ್ರ ಬಿಸಿಲಿಗೆ ಜಗ್ಗಿತು. ನಾಸಾದ ಪಾಲ್ ಚೋಡಸ್ ಅದರ ಹಾದಿಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ, ಬಂದು ನಿಂತದ್ದು 1966ರ ಸೆಪ್ಟೆಂಬರಿಗೆ: ಚಂದ್ರನತ್ತ ಹೊರಟು ಅಲ್ಲೇ ಅಪ್ಪಳಿಸಿದ ಸರ್ವೇಯರ್-2 ನೌಕೆಯನ್ನು ಹೊತ್ತೊಯ್ದ ಸೆಂಟಾರ್ ಎಂಬ ರಾಕೆಟ್ ಮೇಲ್ಹಂತ. ಭಾರತ ಮೂಲದ ವಿಷ್ಣು ರೆಡ್ಡಿ ಅವರ ತಂಡ ಅದರ ಬೆಳಕನ್ನು ಬಿಡಿಸಿ, 1971ರಿಂದ ಭೂಮಿಯನ್ನು ಸುತ್ತುತ್ತಿರುವ ಇನ್ನೊಂದು ಸೆಂಟಾರಿನ ಬೆಳಕಿನ ಜೊತೆ ಇಟ್ಟು ನೋಡಿತು. ಎರಡೂ ಒಂದೇ ಉಕ್ಕು! 54 ವರ್ಷ ಸೂರ್ಯನನ್ನು ಸುತ್ತಿ ಮನೆಗೆ ಬಂದಿದ್ದ ಖಾಲಿ ಡಬ್ಬ. ನನ್ನ ಮಟ್ಟಿಗೆ ಕಲ್ಲಿಗಿಂತ ಇದೇ ಹೆಚ್ಚು ರೋಚಕ ಅತಿಥಿ.

2024ರಲ್ಲಿ ಪತ್ರಿಕೆಗಳು ‘ಎರಡನೇ ಚಂದ್ರ’ ಎಂದು ಸಂಭ್ರಮಿಸಿದ 2024 ಪಿಟಿ5ಗೆ ಆ ಬಿರುದು ದೊಡ್ಡದಾಯಿತು. ಸುಮಾರು ಹತ್ತು ಮೀಟರಿನ ಈ ಕಲ್ಲು ಮೊದಲು ಕಂಡದ್ದು ದಕ್ಷಿಣ ಆಫ್ರಿಕಾದ ಸದರ್‌ಲೆಂಡಿನ ಅಟ್ಲಾಸ್ ದೂರದರ್ಶಕಕ್ಕೆ, ಆಗಸ್ಟ್ 7ರಂದು. ಸೆಪ್ಟೆಂಬರ್ 29ರಿಂದ ನವೆಂಬರ್ 25ರವರೆಗೆ ಭೂಮಿಯ ಹಿಡಿತದಲ್ಲಿದ್ದರೂ ಒಂದು ಸುತ್ತನ್ನೂ ಮುಗಿಸಲಿಲ್ಲ. ಬರಿಗಣ್ಣಿಗೆ ಬಿಡಿ, ಮನೆಯಂಗಳದ ದೂರದರ್ಶಕಕ್ಕೂ ಸಿಗದಷ್ಟು ಮಸುಕು. ಆದರೆ ಅದು ಚೆಲ್ಲಿದ ಬೆಳಕು ಸಾಮಾನ್ಯ ಕ್ಷುದ್ರಗ್ರಹಗಳದ್ದಕ್ಕೆ ಹೊಂದಲಿಲ್ಲ. ಅಪೊಲೊ ಮತ್ತು ಲೂನಾ ನೌಕೆಗಳು ತಂದಿಟ್ಟ ಚಂದ್ರಶಿಲೆಗೆ ಹೊಂದಿತು. ಹಿಂದೆಂದೋ ಚಂದ್ರನಿಗೆ ಏನೋ ಬಡಿದಾಗ ಸಿಡಿದು ಹೋದ ಚೂರಿರಬೇಕು. ಮತ್ತೆ ಹತ್ತಿರ ಬರುವುದು 2055ಕ್ಕೆ.